ಅರ್ಧ ಪಾಯಿಂಟಿನ ಕೊಸರು

ಅರ್ಧ ಪಾಯಿಂಟಿಗೆ ನಾನು ತೆತ್ತ ಬೆಲೆ ಒಂದು ದೊಡ್ಡ ಬಾಟಲಿ ಮಾವಿನಕಾಯಿ ಉಪ್ಪಿನಕಾಯಿ. ದುಬಾರಿಯೇನಲ್ಲ. ಅಮೆರಿಕದ ಫುಟ್‌ಬಾಲಿನಲ್ಲಿ ಚೆಂಡನ್ನು ಕಂಬಗಳ ನಡುವೆ ಒದ್ದರೆ ಮೂರು ಅಂಕ. ಹಾಗಾಗಿ ಎಷ್ಟೋ ಆಟಗಳು ಮೂರರ ಅಂತರದಲ್ಲೇ ಮುಗಿಯುತ್ತವೆ. ಮೂರರ ಪಕ್ಕದ ಆ ಅರ್ಧಕ್ಕೆ ಏನು ಕೊಟ್ಟರೂ ಲಾಭವೇ.

ಅಕ್ಟೋಬರಿನ ಶನಿವಾರ. ಶಿಕಾಗೊ ಪಕ್ಕದ ನೇಪರ್‌ವಿಲ್ಲಿನಲ್ಲಿ ನಮ್ಮ ಹಿತ್ತಿಲ ಮರದ ಡೆಕ್ಕಿನ ಮೇಲೆ ಬಿಸಿಲು ಜೇನಿನಂತೆ ನಿಧಾನವಾಗಿ ಇಳಿಯುತ್ತಿತ್ತು. ಮೇಪಲ್ ಎಲೆಗಳು ಬೀಳುತ್ತಿದ್ದವೋ, ಬೀಳಲೋ ಬೇಡವೋ ಎಂದು ಗಾಳಿಯೊಡನೆ ಚೌಕಾಸಿ ಮಾಡುತ್ತಿದ್ದವೋ, ಹೇಳುವುದು ಕಷ್ಟ. ಹೆಂಡತಿಯ ತಮ್ಮ ಡೆಟ್ರಾಯ್ಟಿನ ಕಡೆಯಿಂದ ಕಾರಿನಲ್ಲಿ ಬಂದಿದ್ದ, ತಾಯಿಯನ್ನು ತನ್ನ ಮನೆಗೆ ಕರೆದೊಯ್ಯಲು.

ಅತ್ತೆಯನ್ನು ಕಳಿಸಲು ನನಗೆ ಮನಸ್ಸಿರಲಿಲ್ಲ. ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುತ್ತಿದ್ದ ನನ್ನ ಪುಟ್ಟ ಮಗಳು ಅವರು ಊರಿಂದ ಬಂದ ಮೇಲೆ ಕನ್ನಡಕ್ಕೆ ಬಾಯಿ ತೆರೆದಿದ್ದಳು. ನಿದ್ದೆಗಣ್ಣಿನಲ್ಲೂ "ಅಜ್ಜಿ, ಆಮೇಲೆ ಏನಾಯ್ತು?" ಎನ್ನುತ್ತಿದ್ದಳು. ಅಜ್ಜಿ ಹೊರಟರೆ ಆ ಮಾತೂ ಹೊರಟುಹೋದೀತೆಂಬ ಭಯ. ಸುಮ್ಮನೆ ಕೇಳಿದರೆ ಭಾವಮೈದ ಒಪ್ಪುವವನಲ್ಲ. ಆದ್ದರಿಂದ ಬಾಜಿ ಕಟ್ಟಿದೆ. ಮರುದಿನ ಶಿಕಾಗೊದಲ್ಲೇ ಶಿಕಾಗೊ-ಡೆಟ್ರಾಯ್ಟ್ ಆಟ. ನಾನು ಗೆದ್ದರೆ ಅತ್ತೆ ಊರಿಗೆ ಮರಳುವವರೆಗೂ ನಮ್ಮಲ್ಲೇ.

"ನಮ್ಮೋರೇ ಫೇವರಿಟ್ ಭಾವ, ಫೋನಲ್ಲಿ ಬಾಜಿ ದರ ನೋಡಿ. ಪಾಪ ಅಂತ ಮೂರು ಪಾಯಿಂಟ್ ಬಿಟ್ಕೊಡ್ತೀನಿ" ಎಂದ.

ಅಂದರೆ ಡೆಟ್ರಾಯ್ಟ್ ಮೂರಕ್ಕಿಂತ ಹೆಚ್ಚಿನ ಅಂತರದಲ್ಲಿ ಗೆದ್ದರೆ ಮಾತ್ರ ಬಾಜಿ ಅವನದು. ಸರಿಯಾಗಿ ಮೂರಾದರೆ ಬಾಜಿ ರದ್ದು, ಅವನು ತಾಯಿಯನ್ನು ಕರೆದೊಯ್ಯುತ್ತಾನೆ. ನಾನು ಹವಾಮಾನ ನೋಡಿಟ್ಟಿದ್ದೆ. ಮೈದಾನದ ಪಕ್ಕದ ಸರೋವರದ ಕಡೆಯಿಂದ ಜೋರು ಗಾಳಿ. ಅಂಥ ಗಾಳಿಯಲ್ಲಿ ಉದ್ದದ ಎಸೆತ ಗುರಿ ತಪ್ಪುತ್ತದೆ, ಚೆಂಡು ಹಿಡಿದು ಓಡುವುದೇ ಹೆಚ್ಚು, ಅಂಕ ಕಡಿಮೆ, ಅಂತರವೂ ಕಿರಿದು. ಮೂರರ ಮೇಲೆ ಅರ್ಧ ಸಿಕ್ಕರೆ, ಸರಿಯಾಗಿ ಮೂರಾದರೂ ಬಾಜಿ ನನ್ನದೇ.

"ಮೂರು ಸರಿ. ಕೊಸರೆಲ್ಲಿ?"

"ಕೊಸರಾ? ಇದೇನು ಸೊಪ್ಪಿನ ಕಟ್ಟಾ ಭಾವ?"

"ಸೊಪ್ಪಿನೋಳೂ ಎರಡೆಸಳು ಜಾಸ್ತಿ ಹಾಕ್ತಾಳೆ ಕಣೋ. ಅರ್ಧ ಪಾಯಿಂಟ್ ಹಾಕು."

"ಅರ್ಧ ಪಾಯಿಂಟ್ ಯಾರು ಹೊಡೀತಾರೆ?"

"ಯಾರೂ ಹೊಡೆಯಲ್ಲ. ಕೊಟ್ರೆ ನಿಂಗೇನು ನಷ್ಟ?"

ಅವನು ನನ್ನ ಮುಖವನ್ನೇ ನೋಡಿ ನಕ್ಕ. "ಹಾಗಾದ್ರೆ ಅಮ್ಮ ಹಾಕಿದ ಉಪ್ಪಿನಕಾಯಿ ಬಾಟ್ಲಿ ನಂಗೆ." ಕೈ ಕುಲುಕಿದೆವು.

ಭಾನುವಾರದ ಆಟ ನನಗೆ ಕನಸಿನಂತೆ ನೆನಪಿದೆ. ಟಿವಿಯಲ್ಲಿ ಹಸಿರು ಮೈದಾನ ತೇಲುತ್ತಿತ್ತು. ಡೆಟ್ರಾಯ್ಟಿನವರ ಕೊನೆಯ ಒದೆತಕ್ಕೆ ಮೇಲೇರಿದ ಚೆಂಡು ಗಾಳಿಯಲ್ಲಿ ತನ್ನ ದಾರಿ ಮರೆತಂತೆ ನಿಂತು, ಆಮೇಲೆ ಕಂಬಗಳ ನಡುವೆ ಮೆಲ್ಲಗೆ ನುಸುಳಿತು. ಡೆಟ್ರಾಯ್ಟ್ ಮೂರರಿಂದ ಗೆದ್ದಿತು. ಭಾವಮೈದ ಎದ್ದು ಕುಣಿದ. ಆ ಅರ್ಧ ನೆನಪಾಗಿ ಹಾಗೇ ಸೋಫಾದ ಮೇಲೆ ಕುಸಿದ.

ಹುರುಳಿಕಾಯಿ ನಾರು ತೆಗೆಯುತ್ತಿದ್ದ ಅತ್ತೆ ತಲೆಯೆತ್ತಿದರು. "ಗೆದ್ರಿ ಅಳಿಯಂದ್ರೇ, ಸಂತೋಷ. ಮಾಲು ಯಾರದು?"

ಭಾವಮೈದ ರಿಮೋಟ್ ಹುಡುಕತೊಡಗಿದ, ನಾನು ಹುರುಳಿಕಾಯಿಗೆ ಕೈ ಹಾಕಿದೆ.

"ಉಪ್ಪಿನಕಾಯಿ ನಂದು, ಹೊರಡೋ ಪೆಟ್ಟಿಗೆ ನಂದು, ವ್ಯಾಪಾರ ಮಾತ್ರ ನಿಮ್ಮಿಬ್ಬರದು! ಇವನ ಮನೇಲಿ ಒಲೆ ಹಚ್ಚಿ ಎಷ್ಟು ಕಾಲ ಆಯ್ತೋ. ನಾನು ಹೋಗ್ತೀನಿ. ಕೂಸಿಗೆ ದಿನಾ ಸಂಜೆ ಫೋನ್ ಮಾಡ್ತೀನಿ."

ಹೋಗಿಯೇಬಿಟ್ಟರು. ಜೀವಮಾನದಲ್ಲಿ ನಾನು ಕುದುರಿಸಿದ ಅತ್ಯುತ್ತಮ ಕೊಸರು ಹೀಗೆ ಗಾಳಿಗೆ ಹೋಯಿತು.

ಡೆಟ್ರಾಯ್ಟಿನ ಗಡಿಯಾರ ನಮಗಿಂತ ಒಂದು ಗಂಟೆ ಮುಂದೆ. ಮರುದಿನ ಸಂಜೆ ಮಗಳು ಕಿಟಕಿಯ ಬಳಿ ಫೋನ್ ಹಿಡಿದು ನಿಂತಿದ್ದಳು. ನಾನು ಬಾಗಿಲ ಹಿಂದೆ ನಿಂತು ಕಿವಿಗೊಟ್ಟಿದ್ದೆ.

"ಅಜ್ಜಿ, ಅಲ್ಲಿ ಕತ್ಲಾ? ಇಲ್ಲಿನ್ನೂ ಬಿಸ್ಲಿದೆ. ನಿಂಗೆ ಸ್ವಲ್ಪ ಕಳಿಸ್ಲಾ?"

ಬಾಜಿ ಕಟ್ಟುವವರಿಗೆ ನನ್ನ ಮಾತು ಇಷ್ಟೆ. ಗಾಳಿ ನೋಡಿ. ಮೂರರ ಪಕ್ಕದ ಅರ್ಧವನ್ನು ಕೇಳದೆ ಬಿಡಬೇಡಿ. ಮನೆಯವರನ್ನು ಮಾತ್ರ ಅವರನ್ನೇ ಕೇಳದೆ ಪಣಕ್ಕಿಡಬೇಡಿ. ಇನ್ನು, ಅಜ್ಜಿಯ ಫೋನ್ ಬಂದಾಗ ಸ್ಪೀಕರಿಗೆ ಹಾಕಿ "ಹಾಗನ್ನು, ಹೀಗನ್ನು" ಎಂದು ಮಗುವಿಗೆ ಹೇಳಿಕೊಡಲು ಹೋಗಬೇಡಿ. ಫೋನನ್ನು ಅದರ ಕೈಗೆ ಕೊಟ್ಟು, ಕೋಣೆಯಿಂದ ಹೊರಗೆ ಬನ್ನಿ.