ಟಾರ್ಚಕ್ಕ ಕೂತ ಮೆಟ್ಟಿಲು

ಬೆಳಕು ಹರಿಯುವುದಕ್ಕೆ ಇನ್ನೂ ಸ್ವಲ್ಪ ಹೊತ್ತಿದೆ. ಹೆದ್ದಾರಿ ಪಕ್ಕದಲ್ಲಿ ಮುಚ್ಚಿಹೋದ ಪೆಟ್ರೋಲ್ ಬಂಕಿನ ಗೋಡೆಗುಂಟ ಕಪ್ಪು ಸೀರೆಯ ಹೆಂಗಸೊಬ್ಬಳು ಟಾರ್ಚ್ ಬಿಡುತ್ತ ನಡೆಯುತ್ತಿದ್ದಾಳೆ. ಸುಣ್ಣ ಬಳಿದ ಹಾಗೆ, ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ. ರಸ್ತೆಯಾಚೆ ಸ್ಟ್ಯಾಂಡಿನ ಮೇಲೆ ಗಂಡನ ಕ್ಯಾಮೆರಾ ಕಣ್ಣು ತೆರೆದುಕೊಂಡೇ ಇದೆ.

ರಾತ್ರಿ ಹೊತ್ತು ರಸ್ತೆಬದಿಯ ಒಂಟಿ ಕಟ್ಟಡಗಳ ಫೋಟೊ ತೆಗೆಯುವವನೆಂದು ಗಂಡನನ್ನು ಊರೆಲ್ಲ ಬಲ್ಲದು. ಆ ಕಟ್ಟಡಗಳಿಗೆ ಬೆಳಕು ಬಳಿಯುವ ಈಕೆಯನ್ನು ಬಲ್ಲವರು ನಾಲ್ಕೇ ಜನ. ಅವರು ‘ಟಾರ್ಚಕ್ಕ’ ಎನ್ನುತ್ತಾರೆ. ಕತ್ತಲಲ್ಲಿ ಒಂದೊಂದು ಫೋಟೊಗೂ ಕ್ಯಾಮೆರಾ ನಿಮಿಷಗಟ್ಟಲೆ ತೆರೆದಿರುತ್ತದೆ. ಅಷ್ಟು ಹೊತ್ತೂ ಆಕೆ ನಡೆಯುತ್ತಲೇ ಇರಬೇಕು. ನಡೆದರೆ ಚಿತ್ರದಲ್ಲಿ ಮೂಡುವುದಿಲ್ಲ, ನಿಂತರೆ ಮೂಡಿಬಿಡುತ್ತಾಳೆ. ಹಾಗಾಗಿ ಇಷ್ಟು ವರ್ಷಗಳ ಯಾವ ಫೋಟೊದಲ್ಲೂ ಆಕೆ ಇಲ್ಲ.

ಹಗಲೆಲ್ಲ ಹೊಲಿಗೆ ಮಷೀನು ತುಳಿಯುವ ಕಾಲು, ರಾತ್ರಿ ಕಲ್ಲುಮುಳ್ಳು ತುಳಿಯುತ್ತದೆ. ಒಮ್ಮೆ ಲಾರಿ ಡ್ರೈವರೊಬ್ಬ ಈಕೆಯನ್ನು ಕಂಡು, ದೆವ್ವವೆಂದು ಹಿಂದೆಮುಂದೆ ನೋಡದೆ ಗಾಡಿ ಓಡಿಸಿದನಂತೆ.

“ದೆವ್ವಕ್ಕೆ ಮಂಡಿನೋವು ಇರುತ್ತೇನ್ರಿ?” ಎಂದು ಮಂಡಿ ಒತ್ತಿಕೊಳ್ಳುತ್ತ ನಗುತ್ತಾಳೆ.

ಈ ಬಂಕು ಮಾತ್ರ ಆಕೆಯೇ ಕೇಳಿಕೊಂಡದ್ದು. ಆಕೆಯ ಅಪ್ಪ ಇಲ್ಲಿ ರಾತ್ರಿಪಾಳಿಯಲ್ಲಿ ಪೆಟ್ರೋಲ್ ಹಾಕುತ್ತಿದ್ದರು. ಗಾಡಿ ಬಾರದ ಹೊತ್ತಲ್ಲಿ ಇದೇ ಮೆಟ್ಟಿಲ ಮೇಲೆ ಕೂರುತ್ತಿದ್ದರು. ಅವರದೊಂದು ಫೋಟೊ ಕೂಡ ಮನೆಯಲ್ಲಿಲ್ಲ. ರಸ್ತೆ ಅಗಲ ಮಾಡಲು ಈಗ ಬಂಕು ಕೆಡವುತ್ತಾರೆ. ಯಂತ್ರ ಆಗಲೇ ಬಂದು ಮಗ್ಗುಲಲ್ಲಿ ನಿಂತಿದೆ. ರಾತ್ರಿಯಿಡೀ ಲಾರಿಗಳ ದೀಪ ಅಡ್ಡ ಬಂದು ಒಂದು ಫೋಟೊವೂ ನೆಟ್ಟಗೆ ಬಂದಿಲ್ಲ. ಇದೇ ಕೊನೆಯದು. ಇದಾದ ಮೇಲೆ ಆಕಾಶ ಬೆಳ್ಳಗಾಗುತ್ತದೆ.

ಮೆಟ್ಟಿಲ ಹತ್ತಿರ ಬರುವಾಗ ಮಂಡಿ ಕೈಕೊಡುತ್ತದೆ. ಕುಸಿದು ಕೂರುತ್ತಾಳೆ. ಏಳಲು ನೋಡುತ್ತಾಳೆ, ಆಗುವುದಿಲ್ಲ. ಟಾರ್ಚು ಮಡಿಲಲ್ಲೇ ಉರಿಯುತ್ತದೆ. ಗಂಡ ಆಚೆಯಿಂದ “ಆಯ್ತು” ಎಂದು ಕೂಗುವವರೆಗೂ ಹಾಗೇ ಇರುತ್ತಾಳೆ.

ಕ್ಯಾಮೆರಾ ಹಿಡಿದು ಗಂಡ ರಸ್ತೆ ದಾಟಿ ಬರುತ್ತಾನೆ. ಮೊದಲು ಮಂಡಿ ಮುಟ್ಟಿ ನೋಡುತ್ತಾನೆ.

“ಫೋಟೊ ಕೆಟ್ಟೋಯ್ತಲ್ವಾ?” ಎನ್ನುತ್ತಾಳೆ.

ಆತ ಪರದೆ ತೋರಿಸುತ್ತಾನೆ. ಗೋಡೆಯ ಬೆಳಕು ಅರ್ಧಕ್ಕೇ ನಿಂತಿದೆ. ಮೆಟ್ಟಿಲ ಮೇಲೆ ಮಸುಕಾಗಿ ಒಂದು ದಣಿದ ಮುಖ, ಮಂಡಿ ಹಿಡಿದ ಕೈ. ಬೇಕಾದರೆ ಕಂಪ್ಯೂಟರಿನಲ್ಲಿ ಆಕೆಯನ್ನು ಅಳಿಸಿ ಗೋಡೆಯನ್ನಷ್ಟೇ ಉಳಿಸಬಹುದು ಎನ್ನುತ್ತಾನೆ.

ಟಾರ್ಚಕ್ಕ ಬಹಳ ಹೊತ್ತು ನೋಡುತ್ತಾಳೆ. ಹಿಂದೆ ಯಂತ್ರ ಗುರುಗುಟ್ಟಲು ಶುರುಮಾಡಿದೆ.

“ಅಪ್ಪನೂ ಹೀಗೇ ಮಂಡಿ ಹಿಡ್ಕೊಂಡು ಕೂರ್ತಿದ್ರು. ಇರ್ಲಿ ಬಿಡಿ. ಇದೊಂದರಲ್ಲಾದ್ರೂ ಕೂತಿರ್ತೀನಿ.”