ಲೋಹ ಹಿಡಿಯದ ಮೂರು ಗೆರೆ

ದೆವ್ವ, ಗಾಳಿ, ಮಾಟ ಎಂದು ಬಂದವರನ್ನು ನಾನು ಬೈದು ಕಳಿಸುತ್ತಿದ್ದವನು. ಅಮಾವಾಸ್ಯೆಗೆ ಲೇಥ್ ಯಂತ್ರಕ್ಕೆ ಲಿಂಬೆಹಣ್ಣು ಕಟ್ಟೋಣವೆಂದು ನನ್ನ ಕೆಲಸಗಾರ ಬಸಣ್ಣ ಕೇಳಿದಾಗಲೆಲ್ಲ, "ಅದರ ಬದ್ಲಿ ಅದಕ್ಕ ಎಣ್ಣಿ ಬಿಡಪಾ" ಎನ್ನುತ್ತಿದ್ದೆ. ಈಗಲೂ ಲಿಂಬೆಹಣ್ಣು ಕಟ್ಟಿಲ್ಲ. ಆದರೆ ಯರಗುಪ್ಪಿಯ ಗಿರಣಿಯ ಮಾತು ಬಂದರೆ ನನ್ನ ಬಾಯಿ ಕಟ್ಟುತ್ತದೆ. ನೀವು ನಂಬಬೇಕೆಂದು ಹೇಳುತ್ತಿಲ್ಲ. ನನಗೇ ಇನ್ನೂ ಸಮಾಧಾನವಿಲ್ಲ.

ಕುಂದಗೋಳದಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ಯಂತ್ರಗಳಲ್ಲಿ ತಿರುಗುವ ಕಬ್ಬಿಣದ ದಂಡ, ಅಂದರೆ ಶಾಫ್ಟು, ಸವೆದರೆ ಅದಕ್ಕೆ ಲೋಹದ ಲೇಪ ಹಾಕುವುದು ಅಲ್ಲಿನ ಕೆಲಸ. ಸವೆದ ಜಾಗವನ್ನು ಲೇಥಿನಲ್ಲಿ ತುಸು ಹೆರೆದು ಸಮ ಮಾಡಿ, ಅದರ ಮೇಲೆ ಗಾಳಿಯ ರಭಸದಿಂದ ಉಕ್ಕಿನ ಹರಳು ಹೊಡೆದು ಒರಟಾಗಿಸುತ್ತೇವೆ. ಆಮೇಲೆ ಗನ್ನಿನಲ್ಲಿ ಲೋಹದ ತಂತಿ ಕರಗಿಸಿ ಚಿಮ್ಮಿಸಿದರೆ, ಆ ಹನಿಗಳು ಒರಟಿನಲ್ಲಿ ಕಚ್ಚಿಕೊಂಡು ಹೊಸ ಪದರ ಬೆಳೆಯುತ್ತದೆ. ನನ್ನಲ್ಲಿ ಒಂದೇ ಕಟ್ಟಳೆ: ಹರಳು ಹೊಡೆದ ಮೇಲೆ ಯಾರೂ ಬರಿಗೈ ಹಚ್ಚಕೂಡದು. ಬೆರಳಿನ ಜಿಡ್ಡು ತಾಗಿದಲ್ಲಿ ಲೋಹ ಹಿಡಿಯುವುದಿಲ್ಲ, ಸಿಪ್ಪೆಯಂತೆ ಏಳುತ್ತದೆ.

ಕೆಲವು ವರ್ಷಗಳ ಹಿಂದೆ ಯರಗುಪ್ಪಿಯ ನೀಲಕ್ಕ ತನ್ನ ಹಿಟ್ಟಿನ ಗಿರಣಿಯ ಶಾಫ್ಟನ್ನು ಟಂಟಂ ಆಟೋದಲ್ಲಿ ಹಾಕಿಕೊಂಡು ಬಂದಳು. ಗಿರಣಿ ನಡೆಸುತ್ತಿದ್ದ ಗಂಡ ಆಗಷ್ಟೇ ತೀರಿಕೊಂಡಿದ್ದ. ಶಾಫ್ಟಿನಲ್ಲಿ ಬೇರಿಂಗ್ ಕೂರುವ ಜಾಗ ಸವೆದು ಗಿರಣಿಯೂ ನಿಂತಿತ್ತು. ಅದು ತೀರಾ ಹಳೆಯ ಮಾದರಿ, ಬಿಡಿಭಾಗ ಎಲ್ಲೂ ಸಿಗುವುದಿಲ್ಲ. ಮೈದುನ ಅದನ್ನು ಗುಜರಿಗೆ ಮಾತಾಡಿಬಿಟ್ಟಿದ್ದ.

"ಸೋಮವಾರ ಗಾಡಿ ತರತಾನಂತ್ರಿ ಅಣ್ಣಾರ. ಅಷ್ಟರಾಗ ಗಿರಣಿ ತಿರುಗಿದ್ರ ನಂದು, ಇಲ್ಲಂದ್ರ ಅವಂದು," ಎಂದಳು. ಅಳಲಿಲ್ಲ. ನನ್ನ ಉತ್ತರಕ್ಕೂ ಕಾಯದೆ ಶಾಫ್ಟ್ ಇಳಿಸಲು ಕೈ ಹಾಕಿದಳು.

ಬಸಣ್ಣ ಹೆರೆದು ಹರಳು ಹೊಡೆದ, ನಾನು ಲೇಪ ಹಾಕಿದೆ. ಆರಿದ ಮೇಲೆ ಮೆಲ್ಲಗೆ ಬಡಿದು ನೋಡಿದರೆ ಒಂದು ಕಡೆ ಪದರ ಎದ್ದು ಬಂತು. ಕೆಳಗೆ ಮೂರು ಗೆರೆ. ಒಂದರ ಪಕ್ಕ ಒಂದು, ಬೆರಳಗಲ, ತುಸು ಓರೆ. ನನ್ನ ಸಿಟ್ಟು ನೆತ್ತಿಗೇರಿತು. "ಕೈ ಹಚ್ಚೀಯೇನಲೇ?" ಎಂದು ಬಸಣ್ಣನ ಮೇಲೆ ಹರಿಹಾಯ್ದೆ. "ನಿಮ್ಮಾಣಿ ಇಲ್ರಿ ಮಾಲಕರ," ಎಂದ ಅವನು. ನಾನು ನಂಬಲಿಲ್ಲ.

ಮರುದಿನ ಅವನಿಗೆ ರಜೆ ಕೊಟ್ಟು, ಬಾಗಿಲು ಹಾಕಿಕೊಂಡು ನಾನೊಬ್ಬನೇ ಕೂತೆ. ಹಳೆಯ ಪದರವೂ ಅದರ ಕೆಳಗಿನ ತುಸು ಕಬ್ಬಿಣವೂ ಹೋಗುವಷ್ಟು ಆಳಕ್ಕೆ ಹೆರೆದೆ. ಹೊಸ ಕೈಗವಸು ಹಾಕಿಕೊಂಡೆ. ಲೇಪ ಸರಿಯಾಗಿ ಕೂತಿದೆಯೇ ಎಂದು ಪರೀಕ್ಷಿಸಲು ಪಕ್ಕದಲ್ಲಿ ಒಂದು ಕಬ್ಬಿಣದ ಪಟ್ಟಿ ಇಡುವುದು ನಮ್ಮ ವಾಡಿಕೆ. ಅದನ್ನೂ ಹೊಸ ಕಬ್ಬಿಣದಿಂದ ಆಗಲೇ ಕತ್ತರಿಸಿ, ಹರಳು ಹೊಡೆದು ಇಟ್ಟೆ. ನಡು ಮಧ್ಯಾಹ್ನ. ಕಪ್ಪು ಎರೆ ಹೊಲದ ಗಾಳಿಗೆ ಮೇಲಿನ ತಗಡು ಬಡಿದುಕೊಳ್ಳುತ್ತಿತ್ತು.

ಶಾಫ್ಟಿಗೂ ಹರಳು ಹೊಡೆದು, ಎರಡಕ್ಕೂ ಲೇಪ ಹಾಕಿ, ಆರಿದ ಮೇಲೆ ಬಡಿದರೆ ಶಾಫ್ಟಿನ ಮೇಲೆ ಅದೇ ಜಾಗದಲ್ಲಿ ಅದೇ ಮೂರು ಗೆರೆ ಎದ್ದವು. ಆಮೇಲೆ ಪಟ್ಟಿಯನ್ನು ಬಡಿದೆ. ಅದರ ಮೇಲೂ ಮೂರು.

ಕೈಗವಸು ಕಳಚಿ ನನ್ನ ಬೆರಳುಗಳನ್ನೇ ನೋಡಿಕೊಂಡೆ. ಹೊರಗೆ ಹೋಗಿ ಚಹಾ ಹೇಳಿದೆ, ಕುಡಿಯಲಾಗಲಿಲ್ಲ. ರೈಲ್ವೆ ಗೇಟಿನವರೆಗೆ ನಡೆದು ಹೋಗಿ ತಿರುಗಿ ಬಂದೆ, ಮತ್ತೆ ಹೋದೆ. ಹರಳು ಹೊಡೆಯುವ ಗಾಳಿಯಲ್ಲಿ ಎಣ್ಣೆ ಬಂದಿರಬಹುದು, ಹರಳಿನಲ್ಲಿ ತೇವವಿರಬಹುದು ಎಂದುಕೊಂಡೆ. ಹಾಗಿದ್ದರೆ ಲೇಪವೆಲ್ಲ ಏಳಬೇಕಿತ್ತು, ಮೂರೇ ಗೆರೆ ಏಕೆ? ನಿಜ ಹೇಳುತ್ತೇನೆ, ಹೆದರಿದ್ದೆ.

ರವಿವಾರ ಸಂಜೆ ನೀಲಕ್ಕ ಬಂದಳು. ನಾನು ಪಟ್ಟಿಯನ್ನು ಮುಂದೆ ಹಿಡಿದೆ. ಅವಳು ಬಲಗೈಯ ಮೂರು ಬೆರಳು ಜೋಡಿಸಿ ಅದರ ಮೇಲೆ, ಮುಟ್ಟದೆ, ಹಿಡಿದಳು.

"ಅವರು ವಿಭೂತಿ ಹಚ್ಚೂದು ಹಿಂಗ ರೀ. ದಿನಾ ಮುಂಜಾನೆ ಬೆಲ್ಟ್ ಹಾಕೂ ಮೊದಲ ಬೇರಿಂಗ್ ಡಬ್ಬಿಗೆ ಹಚ್ಚತಿದ್ರು. ಅವರು ಹೋದಮ್ಯಾಲೆ ಯಾರೂ ಹಚ್ಚಿಲ್ಲ."

ಹಚ್ಚುತ್ತಿದ್ದುದು ಹೊರಗಿನ ಡಬ್ಬಿಗೆ, ಒಳಗಿನ ಶಾಫ್ಟಿಗಲ್ಲ; ಈ ಪಟ್ಟಿಯಂತೂ ಯರಗುಪ್ಪಿಯನ್ನು ಕಂಡೇ ಇಲ್ಲ ಎಂದು ನಾನು ತುಸು ಜೋರಾಗಿಯೇ ಹೇಳಿದೆ. "ಅದು ನನಗೇನ ಗೊತ್ರಿ?" ಎಂದಳು. "ಹಂಗ ಕೂಡಿಸಿ ಕೊಡ್ರಿ."

"ಅಂಚಿನಿಂದ ಏಳತೈತಿ ಅಕ್ಕಾರ. ಎಂಟ ದಿನಾನೂ ತಡಿಯೂದಿಲ್ಲ."

"ನಾಳೆ ಒಂದ ದಿನ ತಡದ್ರ ಸಾಕ್ರಿ."

ಗೆರೆಗಳನ್ನು ಹಾಗೆಯೇ ಬಿಟ್ಟು ಉಳಿದದ್ದನ್ನು ಅಳತೆಗೆ ತಂದೆ. ಸೋಮವಾರ ಮುಂಜಾನೆ ನಾನೇ ಹೋಗಿ ಕೂಡಿಸಿದೆ. ನೀಲಕ್ಕ ಡಬ್ಬಿಗೆ ವಿಭೂತಿ ಹಚ್ಚಿ ಬೆಲ್ಟ್ ಹಾಕಿದಳು. ಮೈದುನ ಗಾಡಿ ತರುವ ಹೊತ್ತಿಗೆ ಜೋಳದ ಹಿಟ್ಟು ಬೀಳುತ್ತಿತ್ತು. ಅವನು ಸ್ವಲ್ಪ ಹೊತ್ತು ನಿಂತು ನೋಡಿ ಗಾಡಿಯನ್ನು ಬರಿದೇ ಹೊಡೆದುಕೊಂಡು ಹೋದ.

ಲೇಪ ಎದ್ದಿತೆಂಬ ಸುದ್ದಿಗಾಗಿ ನಾನು ಕಾದೆ. ಫೋನ್ ಬಂದಾಗಲೆಲ್ಲ ಅವಳದೇ ಇರಬೇಕೆಂದು ಓಡಿ ಹೋಗಿ ಎತ್ತುತ್ತಿದ್ದೆ. ಬರಲೇ ಇಲ್ಲ. ವರ್ಷ ಕಳೆಯಿತು, ಇನ್ನೊಂದೂ ಕಳೆಯಿತು.

ಹೋದ ವರ್ಷ ಬೇರೆ ಕೆಲಸಕ್ಕೆ ಯರಗುಪ್ಪಿಗೆ ಹೋದಾಗ ತಡೆಯಲಾಗದೆ ಗಿರಣಿಗೆ ಹೋದೆ. ಡಬ್ಬಿ ಬಿಚ್ಚಿ ನೋಡಲೇ ಎಂದು ಕೇಳಿದೆ. "ನೋಡ್ರಿ," ಎಂದು ನೀಲಕ್ಕ ಗಿರಣಿ ನಿಲ್ಲಿಸಿದಳು. ಜೋಳದ ಬುಟ್ಟಿ ಹಿಡಿದು ಸಾಲಿನಲ್ಲಿದ್ದವರು ಹತ್ತಿರ ಬಂದು ನಿಂತರು. ಒಂದು ಬೋಲ್ಟ್ ಸಡಿಲಿಸಿದೆ. ಒಳಗೆ ಲೇಪ ಎದ್ದಿದ್ದರೆ ಈ ಗಿರಣಿ ಬಂದ್ ಮಾಡಿ ಎಂದು ನಾನೇ ಹೇಳಬೇಕಾಗುತ್ತದೆ. ಎದ್ದಿರದಿದ್ದರೆ? ನೀಲಕ್ಕ ಡಬ್ಬಿಯನ್ನು ನೋಡುತ್ತಿರಲಿಲ್ಲ, ನನ್ನ ಕೈಯನ್ನೇ ನೋಡುತ್ತಿದ್ದಳು.

ಬೋಲ್ಟನ್ನು ಮತ್ತೆ ಬಿಗಿದೆ. ಅವಳ ಸಲುವಾಗಿ ಬಿಗಿದೆನೋ ನನ್ನ ಹೆದರಿಕೆಗೆ ಬಿಗಿದೆನೋ, ಇವತ್ತಿಗೂ ತಿಳಿದಿಲ್ಲ. ಗಿರಣಿ ಶುರುವಾದ ಮೇಲೆ ಬೋಲ್ಟ್ ಬಿಗಿದ ಪಾನಾವನ್ನು ಚೀಲಕ್ಕೆ ಹಾಕುವಾಗ ನೋಡಿದರೆ, ವಿಭೂತಿ ನನ್ನ ಬೆರಳಿಗೂ ಹತ್ತಿತ್ತು. ಕುಂದಗೋಳಕ್ಕೆ ಬಂದು ಕೈ ತೊಳೆದುಕೊಂಡೆ. ಅವತ್ತು ಬೇರೆ ಯಾವ ಶಾಫ್ಟಿನ ಹತ್ತಿರವೂ ಹೋಗಲಿಲ್ಲ.