ಚಿಕ್ಕವ್ವನ ಮೂಲೆ ಮತ್ತು ನಾನು ಕೊಡಿಸಿದ ಫ್ಯಾನು

ಚಿಕ್ಕವ್ವನ ಕೆಮ್ಮಿಗೆ ಫ್ಯಾನು ಕೊಡಿಸಿದ ಬುದ್ಧಿವಂತ ನಾನೇ. ಸೇಲಂನ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಗಾಳಿಯಲ್ಲಿ ದೂಳು ಹೇಗೆ ತೇಲಿ ಎಲ್ಲಿ ಕೂರುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದೇ ನನ್ನ ಕಸುಬು. ಅಂಥವನು ಎಡಪ್ಪಾಡಿಯಲ್ಲಿರುವ ಅವಳ ಮಗ್ಗದ ಶೆಡ್ಡಿಗೆ ಒಂದು ಲೆಕ್ಕವನ್ನೂ ಹಾಕದೆ ಬಾಗಿಲ ಪಕ್ಕ ದೊಡ್ಡ ಫ್ಯಾನು ಹಾಕಿಸಿಬಿಟ್ಟೆ.

ಅವ್ವ ಹೋದ ಮೇಲೆ ನನ್ನನ್ನು ಸಾಕಿದವಳು ಚಿಕ್ಕವ್ವ. ಶೆಡ್ಡಿನಲ್ಲಿ ನಾಲ್ಕು ಪವರ್‌ಲೂಮ್ ಮಗ್ಗ. ಹಿಂದಿನ ಮೂಲೆಯದು ಅವಳದು, ನಡುವಿನ ಎರಡು ಕೂಲಿಯವರದು. ಬಾಗಿಲ ಬಳಿಯದರಲ್ಲಿ ಒಣಗಾಳಿಗೆ ನೂಲು ಕಿತ್ತುಹೋಗುತ್ತದೆಂದು ಅದನ್ನು ಯಾರೂ ಮುಟ್ಟುತ್ತಿರಲಿಲ್ಲ. ಚಿಕ್ಕವ್ವ ಫ್ಯಾನಿಗೆ ಕುಂಕುಮ ಇಟ್ಟು, ಬಂದವರಿಗೆಲ್ಲ "ನಮ್ಮ ಮಗ ಕೊಡ್ಸಿದ್ದು" ಎಂದು ತೋರಿಸಿದಳು. ಕೆಮ್ಮು ಮಾತ್ರ ದುಪ್ಪಟ್ಟಾಯಿತು. ಡಾಕ್ಟರು, ಈ ಹತ್ತಿ ದೂಳಿನಲ್ಲಿ ಇನ್ನೂ ಕೂತರೆ ಶ್ವಾಸಕೋಶ ಉಳಿಯುವುದಿಲ್ಲ ಎಂದರು.

ಆಗ ನನಗೆ ವಿದ್ಯೆ ನೆನಪಾಯಿತು. ಲ್ಯಾಪ್‌ಟಾಪಿನಲ್ಲಿ ಶೆಡ್ಡನ್ನು ಬರೆದೆ. ಮಗ್ಗಗಳು ನಾಲ್ಕು ಪೆಟ್ಟಿಗೆ, ಚಿಕ್ಕವ್ವ ಇನ್ನೊಂದು ಪೆಟ್ಟಿಗೆ. ಲೆಕ್ಕ ಸರಿಯೋ ಎಂದು ನೋಡಲು ನಿಜವಾದ ದೂಳೂ ಬೇಕಲ್ಲ? ಬಿದ್ದ ದೂಳು ಅಂಟಿಕೊಳ್ಳಲೆಂದು ಸ್ಟೀಲ್ ತಟ್ಟೆಗಳಿಗೆ ತೆಳ್ಳಗೆ ಕೊಬ್ಬರಿ ಎಣ್ಣೆ ಸವರಿ, ಒಂದೊಂದರ ಮುಂದೂ ಸೀಮೆಸುಣ್ಣದಲ್ಲಿ ನಂಬರು ಬರೆದು, ಶೆಡ್ಡಿನ ಉದ್ದಕ್ಕೂ ಇಟ್ಟೆ. ಮುಂದಿನ ಭಾನುವಾರದ ತನಕ ಯಾರೂ ಮುಟ್ಟಬೇಡಿ ಎಂದು ಹೇಳಿ ಬಸ್ಸು ಹತ್ತಿದೆ.

ಭಾನುವಾರ ಬಂದು ನೋಡಿದರೆ ಎಲ್ಲ ತಟ್ಟೆಯಲ್ಲೂ ದೀಪ ಉರಿಯುತ್ತಿದೆ. ನನ್ನ ನಂಬರುಗಳ ಮೇಲೆ ಅರಿಸಿನ, ಕುಂಕುಮ, ಒಂದೊಂದು ಸೇವಂತಿಗೆ. ನಡುವಿನ ಮಗ್ಗದ ಹೆಂಗಸು ಕೈ ಮುಗಿದುಕೊಂಡು ಸುತ್ತು ಬರುತ್ತಿದ್ದಾಳೆ.

"ದಿಷ್ಟಿ ಎಲ್ಲಾ ಪೋಯಿಡುಂ ತಂಬಿ, ಓಗೇ ಓಯ್ತದೆ, ಇನ್ನು ಕೆಮ್ಮು ನಿಲ್ತದೆ," ಎಂದು ಅರ್ಧ ತಮಿಳಿನಲ್ಲಿ ಹೇಳಿದಳು.

"ಎಣ್ಣೆ ಆಕಿ ಬತ್ತಿ ಆಕ್ದೆ ಓದ್ಯಲ್ಲಾ," ಚಿಕ್ಕವ್ವ ನನ್ನನ್ನೇ ಬೈದಳು. "ಮಗ್ಗದ ಮುಂದೆ ಅಂಗೆ ಬಿಡಬಾರ್ದು. ಎಣ್ಣೇನೂ ಸಾಲ್ದು ಅಂತ ಇನ್ನಷ್ಟು ಉಯ್ದೆ."

ಬತ್ತಿ ಯಾತರದು ಎಂದರೆ, ನೆಲದಲ್ಲಿ ಗುಡಿಸಿದ ಹತ್ತಿ ದೂಳನ್ನೇ ಹೊಸೆದದ್ದು. ನಾನು ಅಳೆಯಬೇಕೆಂದಿದ್ದ ಮಾಲು ನನ್ನ ಕಣ್ಣೆದುರೇ ಉರಿದುಹೋಗುತ್ತಿತ್ತು. ಅಂಥ ಶೆಡ್ಡಿಗೆ ಬೆಂಕಿ ಹತ್ತದೆ ಉಳಿದದ್ದು ನಮ್ಮ ಪುಣ್ಯ ಎಂದು ಒಂದೊಂದೇ ಆರಿಸಿದೆ.

ತಟ್ಟೆ ಹೋದರೆ ಹೋಗಲಿ, ಕಂಪ್ಯೂಟರಿನದನ್ನಾದರೂ ತೋರಿಸೋಣ ಎಂದು ಅವಳನ್ನು ಕೂರಿಸಿಕೊಂಡೆ. ಫ್ಯಾನಿನ ಗಾಳಿ ನಡುವಿನ ಮಗ್ಗಗಳ ದೂಳನ್ನು ಹೊತ್ತು ನೇರ ಹಿಂದಿನ ಮೂಲೆಗೆ ಹೋಗಿ ಅಲ್ಲೇ ಇಳಿಸುತ್ತಿತ್ತು. ಪರದೆಯ ಮೇಲೆ ದೂಳಿನ ಕೆಂಪು ಚುಕ್ಕೆಗಳು ಗುಡ್ಡೆಯಾದವು. ಅಯ್ಯೋ ಪಾಪಿ, ಇಷ್ಟು ದಿನ ಅವಳ ಮೇಲೆ ದೂಳು ಸುರಿದವನು ನಾನೇ.

"ನನ್ನ ಮೂಲೆ ತುಂಬಾ ಕುಂಕುಮ ಐತೆ," ಚಿಕ್ಕವ್ವ ಖುಷಿಯಾದಳು.

"ಅದು ದೂಳು. ಫ್ಯಾನು ನಿಲ್ಸು, ಇಲ್ಲಾಂದ್ರೆ ಬಾಗಿಲ ಮಗ್ಗಕ್ಕೆ ಬಾ, ಅಲ್ಲಿಗೆ ದೂಳು ಬರಲ್ಲ."

"ಮಗ ಕೊಡ್ಸಿದ್ದ ನಿಲ್ಸಬಾರ್ದು. ಬಾಗಿಲ ಮಗ್ಗದಾಗೆ ನೂಲು ಕಿತ್ತೋಯ್ತದೆ." ಆಮೇಲೆ ಬಗ್ಗಿ ನೋಡಿದಳು. "ಇದ್ರಾಗೆ ನಾನೆಲ್ಲಿ?"

ಪೆಟ್ಟಿಗೆ ತೋರಿಸಿದೆ.

"ಈ ಪೆಟ್ಗೆ ಉಸ್ರು ಬಿಡ್ತದಾ?"

ಸಾಕಿದ ಚಿಕ್ಕವ್ವನಿಗೆ ಒಂದು ಮೂಗು ಕೊಡಲೂ ನನಗೆ ತೋಚಿರಲಿಲ್ಲ. ಅಲ್ಲೇ ಕೂತು ಪೆಟ್ಟಿಗೆಗೆ ಒಂದು ತೂತು ಮಾಡಿ, ಉಸಿರಾಟ ಕೊಟ್ಟು, ಮತ್ತೆ ಓಡಿಸಿದೆ. ಲೆಕ್ಕ ಮುಗಿಯುವಾಗ ಮಧ್ಯಾಹ್ನದ ಕಾಫಿಯ ಹೊತ್ತಾಗಿತ್ತು. ಅವಳು ಲೋಟ ಹಿಡಿದು ಬಂದು ಕೂತಳು. ಕೆಂಪು ಚುಕ್ಕೆಗಳು ಸಾಲಾಗಿ ಬಂದು ಪೆಟ್ಟಿಗೆಯೊಳಗೆ ಹೋಗುತ್ತಿದ್ದವು. ಒಂದಷ್ಟು ತಿರುಗಿ ಬಂದವು, ಮಿಕ್ಕವು ಬರಲಿಲ್ಲ. ಅವಳು ಬಹಳ ಹೊತ್ತು ಕಾದಳು.

"ಒಳಕ್ಕೆ ಓದೋವು ಎತ್ಲಾಗಿಂದ ಬತ್ತವೆ?"

"ಬರಲ್ಲ, ಚಿಕ್ಕವ್ವ."

ಅವಳು ಕಾಫಿ ಮುಗಿಸಿ, ಲೋಟ ತೊಳೆದಿಟ್ಟು, ತನ್ನ ಸ್ಟೂಲನ್ನು ಎತ್ತಿಕೊಂಡು ಬಾಗಿಲ ಮಗ್ಗದ ಹತ್ತಿರ ಇಟ್ಟಳು.

ಮುಂದಿನ ವಾರ ಹೋದಾಗ ಅವಳು ಅಲ್ಲೇ ಇದ್ದಳು, ಕಿತ್ತ ನೂಲಿಗೆ ಗಂಟು ಹಾಕುತ್ತ, ನೂಲನ್ನೂ ನನ್ನನ್ನೂ ಸೇರಿಸಿ ಬೈಯುತ್ತ. ಫ್ಯಾನು ತಿರುಗುತ್ತಲೇ ಇತ್ತು, ಹೊಸ ಕುಂಕುಮದ ಸಮೇತ. ಮಾತಾಡುತ್ತಲೇ ಎದ್ದು, ಮೂಲೆಯಲ್ಲಿ ಸ್ಟೂಲು ಇದ್ದ ಜಾಗದಿಂದ ನನ್ನ ತಟ್ಟೆಯೊಂದನ್ನು ತಂದು ಕೈಗೆ ಕೊಟ್ಟಳು. ದೂಳು ಹಾಲಿನ ಕೆನೆಯ ಹಾಗೆ ಬೆಳ್ಳಗೆ ಕಟ್ಟಿಕೊಂಡಿತ್ತು. ತಟ್ಟೆಯ ತಳವೇ ಕಾಣುತ್ತಿರಲಿಲ್ಲ.

"ಒಂದು ವಾರದ್ದು," ಎಂದಳು. "ಈ ಸಾರಿ ಬತ್ತಿ ಆಕಿಲ್ಲ. ಎಣ್ಸ್ಕೊ."